ಮಲೆನಾಡಿನ ಮಳೆಗೆ ತಡೆಯುವ ಫೆಲ್ಟ್ ಹ್ಯಾಟು: ಹಳೆಯದನ್ನೂ ಹೊಸದನ್ನೂ ನೋಡಿ ತಗೊಳ್ಳುವ ಬಗೆ

ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆ ಕೆಲವು ಹಳೇ ಮನೆಗಳ ಅಟ್ಟದಲ್ಲಿ ಇನ್ನೂ ಫೆಲ್ಟ್ ಹ್ಯಾಟುಗಳಿವೆ. ತೋಟ, ಕಾಡು, ಕೋರ್ಟು ಕಚೇರಿ ಅಂತ ಓಡಾಡಿಕೊಂಡಿದ್ದ ಅಜ್ಜಂದಿರು ಬಿಟ್ಟುಹೋದವು. ಈಗಿನ ಮಕ್ಕಳು ಹೊಸದನ್ನು ಫೋನಿನಲ್ಲೇ ತರಿಸಿಕೊಳ್ಳುತ್ತಾರೆ. ಹಳೆಯದು ಸಿಕ್ಕವರೂ ಹೊಸದು ತರಿಸಿದವರೂ ಕೇಳುವುದು ಒಂದೇ ಮಾತು, ಇದು ಒಳ್ಳೇದಾ ಅಂತ. ಒಳಗೆ ಬರೆದ ಹೆಸರು ಓದಿ ಅದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಫೆಲ್ಟನ್ನು ಬೆರಳಲ್ಲಿ ಹಿಡಿದು ನೋಡಬೇಕು, ಮೂಸಬೇಕು, ಬೆಳಕಿಗೆ ಹಿಡಿಯಬೇಕು. ಸೀರೆ ತಗೊಳ್ಳುವಾಗ ಸೆರಗು ತಿರುವಿ ನೋಡುವ ನಮಗೆ ಇದೇನೂ ಕಷ್ಟದ ವಿದ್ಯೆಯಲ್ಲ.

ಮೊದಲು ಫೆಲ್ಟ್ ಹೇಗಾಗುತ್ತದೆ ಅಂತ ತಿಳಿದಿರಲಿ. ಕಂಬಳಿಗೆ ನೂಲಿದೆ, ಮಗ್ಗವಿದೆ. ಫೆಲ್ಟಿಗೆ ಎರಡೂ ಇಲ್ಲ. ಪ್ರಾಣಿಗಳ ಕೂದಲಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ಬಿಸಿ, ತೇವ, ತಿಕ್ಕಾಟ ಮೂರೂ ಸೇರಿದರೆ ಒಂದರ ಹುರುಪೆ ಇನ್ನೊಂದಕ್ಕೆ ಸಿಕ್ಕಿಕೊಂಡು ಬಿಡಿಸಲಾರದ ಹಾಗೆ ಬಿಗಿಯುತ್ತದೆ. ಉಣ್ಣೆಯ ಸ್ವೆಟರನ್ನು ಬಿಸಿನೀರಿಗೆ ಹಾಕಿ ಕುಕ್ಕಿದರೆ ಮಗುವಿನ ಅಳತೆಗೆ ಇಳಿಯುತ್ತದಲ್ಲ, ಅದೂ ಇದೇ. ಹ್ಯಾಟು ಮಾಡುವವರು ದೊಡ್ಡದೊಂದು ಸಡಿಲ ಗೊಪ್ಪೆಯನ್ನು ಹೀಗೆ ಕುಗ್ಗಿಸಿ ಕುಗ್ಗಿಸಿ ತಲೆಯ ಅಳತೆಗೆ ತರುತ್ತಾರೆ. ಎಷ್ಟು ತಾಳ್ಮೆಯಿಂದ ಕುಗ್ಗಿಸಿದ್ದಾರೋ ಫೆಲ್ಟ್ ಅಷ್ಟು ದಟ್ಟ. ಹ್ಯಾಟಿನ ಆಯುಸ್ಸು ಬಹುಪಾಲು ಅಲ್ಲೇ ತೀರ್ಮಾನವಾಗಿರುತ್ತದೆ.

ಫೆಲ್ಟಿನಲ್ಲಿ ಮುಖ್ಯವಾಗಿ ಎರಡು ಜಾತಿ. ಕುರಿಯ ಉಣ್ಣೆಯದು ಒಂದು. ಮೊಲ, ಕಾಡುಮೊಲ, ಬೀವರ್ ಇವುಗಳ ಮೈಯ ಒಳಪದರದ ಮೆತ್ತನೆ ತುಪ್ಪಳದ್ದು ಇನ್ನೊಂದು. ತುಪ್ಪಳದ ಎಳೆ ಉಣ್ಣೆಗಿಂತ ನಯ, ಹಾಗಾಗಿ ಹೆಚ್ಚು ಒತ್ತಾಗಿ ಕೂರುತ್ತದೆ. ಹ್ಯಾಟು ತೆಳ್ಳಗಿದ್ದೂ ಗಟ್ಟಿಯಾಗುತ್ತದೆ, ಹಗುರವಾಗಿದ್ದೂ ಆಕಾರ ಬಿಡುವುದಿಲ್ಲ. ಉಣ್ಣೆಯದು ದಪ್ಪ, ಸ್ವಲ್ಪ ಒರಟು, ಬೆಲೆ ಕಡಿಮೆ. ಪ್ರಾಣಿ ಕೊಂದು ತೆಗೆದ ತುಪ್ಪಳ ನಮ್ಮ ಮನೆಗೆ ಬೇಡ ಎನ್ನುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರು ಕುರಿಯಿಂದ ಕತ್ತರಿಸಿದ ಉಣ್ಣೆಯದನ್ನೇ ಕೊಳ್ಳಲಿ, ನಾನೂ ಅದನ್ನೇ ಹೇಳುತ್ತೇನೆ. ಆದರೆ ಅದನ್ನು ಆಷಾಢದ ಮಳೆಗೆ ಹಾಕಿಕೊಂಡು ಹೋಗಬಾರದು. ಉಣ್ಣೆಯ ಹ್ಯಾಟು ಚಳಿಗಾಲದ ಬೆಳಗಿಗೆ, ಬಿಸಿಲಿಗೆ, ಪೇಟೆಗೆ. ಜಡಿಮಳೆಯಲ್ಲಿ ತೋಟ ಸುತ್ತಲು ಅಲ್ಲ.

ಕೈಗೆ ಗೊತ್ತಾಗುವುದು ಹೀಗೆ. ಹ್ಯಾಟಿನ ಸುತ್ತಂಚನ್ನು ಹೆಬ್ಬೆರಳು ತೋರುಬೆರಳಿನ ಮಧ್ಯೆ ಹಿಡಿದು ಮೆಲ್ಲಗೆ ಬಗ್ಗಿಸಿ. ಒಳ್ಳೆ ತುಪ್ಪಳದ ಫೆಲ್ಟ್ ಮೆತ್ತಗೆ ಬಾಗುತ್ತದೆ, ಬಿಟ್ಟ ಕೂಡಲೇ ಸದ್ದಿಲ್ಲದೆ ತನ್ನ ಜಾಗಕ್ಕೆ ಬರುತ್ತದೆ, ಮಡಿಕೆಯ ಗೆರೆ ಉಳಿಯುವುದಿಲ್ಲ. ಅಗ್ಗದ್ದು ರಟ್ಟು ಬಗ್ಗಿಸಿದ ಹಾಗೆ ಬಿರುಸು, ಬಿಟ್ಟ ಮೇಲೂ ಗೆರೆ ಕಾಣುತ್ತದೆ. ಆ ಬಿರುಸು ಫೆಲ್ಟಿನದ್ದಲ್ಲ, ಒಳಗೆ ಹಾಕಿದ ಗಂಜಿಯದು. ಹ್ಯಾಟಿಗೆ ಬಿಗಿ ಬರಲೆಂದು ಅರಗಿನಿಂದ ಮಾಡಿದ ಶೆಲ್ಲಾಕನ್ನೋ ಬೇರೆ ಅಂಟನ್ನೋ ಕುಡಿಸುತ್ತಾರೆ. ನಮ್ಮ ಬಯಲುಸೀಮೆಯ ಕುರುಬರೂ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕುತ್ತಾರೆ, ಅದರಲ್ಲಿ ಮೋಸವಿಲ್ಲ. ಆದರೆ ಸಡಿಲ ಫೆಲ್ಟನ್ನು ಮುಚ್ಚಲು ಸುರಿದ ಅಂಟು ಒಂದು ಮಳೆ ಕಂಡರೆ ಸೋಲುತ್ತದೆ, ಸುತ್ತಂಚು ಜೋತುಬೀಳುತ್ತದೆ. ಹೊಸ ಹ್ಯಾಟು ವಿಪರೀತ ಗಟ್ಟಿಯಾಗಿದ್ದರೆ ಅದನ್ನೇ ಗಟ್ಟಿಮುಟ್ಟು ಅಂದುಕೊಂಡು ದುಡ್ಡು ಕೊಡಬೇಡಿ.

ಆಮೇಲೆ ಅಂಗೈಯಿಂದ ಸವರಿ. ಮೈ ಒಂದೇ ಸಮ ನಯವಾಗಿರಬೇಕು. ಹ್ಯಾಟು ತಯಾರಾದ ಮೇಲೆ ಅದನ್ನು ನುಣ್ಣನೆ ಉಪ್ಪುಕಾಗದದಲ್ಲಿ ಉಜ್ಜಿ ಮೈ ತೆಗೆಯುತ್ತಾರೆ. ಆ ಕೆಲಸ ಚೆನ್ನಾಗಿದ್ದರೆ ಅಲ್ಲಲ್ಲಿ ಗಂಟು, ಒರಟು ಸಿಗುವುದಿಲ್ಲ. ಸುಮ್ಮನೆ ನಾಲ್ಕು ಸಲ ಸವರಿದ್ದಕ್ಕೇ ಕೈಗೆ ಕೂದಲು ಮೆತ್ತಿದರೆ ಫೆಲ್ಟ್ ಸಡಿಲ ಅಂತಲೇ ಅರ್ಥ.

‘ಉಣ್ಣೆ ಮಿಶ್ರಿತ’ ಅಂತ ಚೀಟಿ ಅಂಟಿಸಿಕೊಂಡು ಬರುವ ಹೊಸ ಹ್ಯಾಟುಗಳಲ್ಲಿ ಪಾಲಿಯೆಸ್ಟರ್ ಎಷ್ಟಿದೆಯೋ ಹೇಳುವವರಿಲ್ಲ. ರೇಷ್ಮೆ ಪರೀಕ್ಷೆ ಮಾಡುವ ಹಾಗೆಯೇ ಇದಕ್ಕೂ ಮಾಡಬಹುದು. ಹಣೆಗೆ ತಾಗುವ ಒಳಪಟ್ಟಿ ಎತ್ತಿ, ಹೊರಗೆ ಕಾಣದ ಕಡೆಯಿಂದ ನಾಲ್ಕೈದು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು ದೀಪಕ್ಕೆ ತೋರಿಸಿ. ಉಣ್ಣೆ ಅಥವಾ ತುಪ್ಪಳವಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕರಿ ಬೆರಳಿಗೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಅದು ಆರುವವರೆಗೆ ಮುಟ್ಟಬೇಡಿ, ಬೆರಳು ಸುಡುತ್ತದೆ.

ಹಳೆಯದರ ವಿಷಯಕ್ಕೆ ಬರೋಣ. ಪಕ್ಕದ ಮನೆಯ ಹುಡುಗಿ ತವರಿನ ಪತ್ತಾಸಿನಲ್ಲಿ ಸಿಕ್ಕಿದ ಒಂದು ಕಂದು ಹ್ಯಾಟು ತಂದು ಜಗಲಿ ಮೇಲಿಟ್ಟಳು. “ದೊಡ್ಡಮ್ಮ, ಇದನ್ನ ಎಸೆಯದಾ, ಇಟ್ಕಳದಾ?” ಅಂದಳು. ಮೇಲೆಲ್ಲ ಧೂಳು, ಬಣ್ಣ ಮಾಸಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಮೊದಲು ಮೂಸಿದೆ. ಮುಗ್ಗಲು ಇತ್ತು, ಆದರೆ ಕೊಳೆತ ನಾತ ಇರಲಿಲ್ಲ. ರಿಬ್ಬನ್ನಿನ ಕೆಳ ಅಂಚನ್ನು ಉಗುರಿನಿಂದ ಒಂದಿಷ್ಟು ಎತ್ತಿದರೆ ಒಳಗೆ ದಟ್ಟ ಕಾಫಿ ಬಣ್ಣ ಹಾಗೇ ಇತ್ತು. ಬಿಸಿಲು ಎಷ್ಟು ತಿಂದಿದೆ ಅಂತ ಗೊತ್ತಾಗುವುದು ರಿಬ್ಬನ್ನಿನ ಅಡಿಯಲ್ಲೇ. ಆಮೇಲೆ ಕತ್ತಲ ಕೋಣೆಗೆ ಒಯ್ದು ಹ್ಯಾಟಿನ ಒಳಗೆ ಟಾರ್ಚ್ ಹಿಡಿದೆವು. ಮೂರು ಕಡೆ ಸೂಜಿಮೊನೆಯಷ್ಟು ಬೆಳಕು ಹೊರಬಂತು, ನುಸಿ ತಿಂದ ತೂತು. ಹಗಲಲ್ಲಿ ಜಗಲಿ ಮೇಲೆ ನೋಡಿದಾಗ ಒಂದೂ ಕಂಡಿರಲಿಲ್ಲ. ನೆತ್ತಿಯ ಮಡಿಕೆ, ಮುಂದೆ ಬೆರಳಿನಲ್ಲಿ ಹಿಡಿದು ಹಿಡಿದು ಸವೆದ ಜಾಗ, ಅಲ್ಲಿ ಬೆಳಕು ಬರಲಿಲ್ಲ. ಸುತ್ತಂಚು ಬಗ್ಗಿಸಿದರೆ ಈಗಲೂ ಮೆತ್ತಗೆ ಬಾಗಿ ಹಿಂದಕ್ಕೆ ಬಂತು. ಒಳಗಿನ ತೊಗಲುಪಟ್ಟಿ ಮಾತ್ರ ಮುಟ್ಟಿದರೆ ಕೆಂಪು ಪುಡಿಯಾಗಿ ಉದುರುತ್ತಿತ್ತು. ಇಟ್ಕೋ ಅಂದೆ. ತೊಗಲುಪಟ್ಟಿ ಬದಲಾಯಿಸಬಹುದು, ಫೆಲ್ಟ್ ಹೋದರೆ ತರುವುದೆಲ್ಲಿಂದ.

ಒಳಪಟ್ಟಿಯ ಮಾತು ಬಂದದ್ದರಿಂದ ಹೇಳುತ್ತೇನೆ, ಹೊಸದಾಗಲಿ ಹಳೆಯದಾಗಲಿ ಅದನ್ನು ಹೊರಕ್ಕೆ ಮಗುಚಿ ನೋಡದೆ ಹ್ಯಾಟು ಕೊಳ್ಳಬೇಡಿ. ಮಾಡಿದವನ ಮನಸ್ಸು ಅಲ್ಲಿ ಗೊತ್ತಾಗುತ್ತದೆ. ಒಳ್ಳೆ ಹ್ಯಾಟಿಗೆ ನಿಜವಾದ ತೊಗಲಿನ ಪಟ್ಟಿ ಇರುತ್ತದೆ, ಅದನ್ನು ಸುತ್ತಲೂ ದಾರದಲ್ಲಿ ಹೊಲಿದಿರುತ್ತಾರೆ. ಹಳೆಯವುಗಳಲ್ಲಿ ಅಳತೆಯ ಸಣ್ಣ ಕಾಗದದ ಚೀಟಿ ಪಟ್ಟಿಯ ಹಿಂದೆ ಇನ್ನೂ ಅಂಟಿಕೊಂಡಿದ್ದರೆ ಅದನ್ನು ಕೀಳಬೇಡಿ. ಅಗ್ಗದ ಹೊಸದರಲ್ಲಿ ರೆಕ್ಸಿನ್ನೋ ಬಟ್ಟೆಯೋ ಇರುತ್ತದೆ, ಅದನ್ನೂ ಅಂಟಿನಲ್ಲಿ ಹಚ್ಚಿರುತ್ತಾರೆ. ನಮ್ಮ ಬೆವರಿಗೆ, ತೇವಕ್ಕೆ ಅಂಟು ಬಿಡುತ್ತದೆ. ರಿಬ್ಬನ್ನೂ ಹಾಗೆಯೇ, ಸಣ್ಣ ಸಣ್ಣ ಕೈಹೊಲಿಗೆ ಹಾಕಿದ್ದರೆ ಒಳ್ಳೆಯದು, ಅಂಟಿಸಿದ್ದರೆ ಮುಂದಿನ ಮಳೆಗಾಲಕ್ಕೆ ಕೈಗೆ ಬರುತ್ತದೆ.

ಹೆಸರುಗಳಿಗೆ ಬೆಲೆಯೇ ಇಲ್ಲ ಅಂತಲ್ಲ. ಇಟಲಿಯ ಅಲೆಸ್ಸಾಂಡ್ರಿಯಾದ ಬೋರ್ಸಲೀನೊ 1857ರಿಂದ, ಅಮೆರಿಕದ ಸ್ಟೆಟ್ಸನ್ 1865ರಿಂದ ಹೆಸರು ಮಾಡಿದವು. ಆಸ್ಟ್ರೇಲಿಯಾದ ಅಕುಬ್ರಾ ಮೊಲದ ತುಪ್ಪಳಕ್ಕೆ ಪ್ರಸಿದ್ಧ. ಆದರೆ ಒಂದೇ ಕಂಪನಿಯದ್ದೂ ಕಾಲಕಾಲಕ್ಕೆ ಬೇರೆ ಬೇರೆ ದರ್ಜೆಯ ಹ್ಯಾಟು ಬಂದಿದೆ. ಅಮೆರಿಕದ ಹ್ಯಾಟುಗಳ ಒಳಗೆ 3ಎಕ್ಸ್, 10ಎಕ್ಸ್, 100ಎಕ್ಸ್ ಅಂತ ಮುದ್ರೆ ಇರುತ್ತದೆ, ಜಾಸ್ತಿ ಎಕ್ಸ್ ಇದ್ದರೆ ಜಾಸ್ತಿ ಒಳ್ಳೆಯದು ಅಂತ ಮಾರುವವರು ಹೇಳುತ್ತಾರೆ. ಆ ಸಂಖ್ಯೆಗೆ ಎಲ್ಲರೂ ಒಪ್ಪಿದ ಅಳತೆ ಯಾವುದೂ ಇಲ್ಲ, ಪ್ರತಿ ಕಂಪನಿಯೂ ತನ್ನ ಲೆಕ್ಕ ತಾನೇ ಇಟ್ಟುಕೊಂಡಿದೆ. ಒಂದು ಕಂಪನಿಯ ಹತ್ತನ್ನು ಇನ್ನೊಂದರ ಹತ್ತಕ್ಕೆ ಹೋಲಿಸಬೇಡಿ, ಈಗಿನ ಸಂಖ್ಯೆಯನ್ನು ಐವತ್ತು ವರ್ಷದ ಹಿಂದಿನದಕ್ಕಂತೂ ಹೋಲಿಸಲೇಬೇಡಿ. ಹಳೆಯದೆಲ್ಲ ಚಿನ್ನ ಅನ್ನುವುದೂ ತಪ್ಪು. ಆ ಕಾಲದಲ್ಲೂ ಅಗ್ಗದ ಉಣ್ಣೆ ಹ್ಯಾಟು ಧಾರಾಳವಾಗಿ ಮಾರಾಟವಾಗುತ್ತಿತ್ತು. ಹಾಗಿದ್ದರೂ ಹಳೆಯ ಒಳ್ಳೆ ಹ್ಯಾಟಿನ ತೆಳು, ಮೃದು ಮೈ ಹೊಸದರಲ್ಲಿ ಬೇಕೆಂದರೆ ಬಹಳ ದುಡ್ಡು ತೆರಬೇಕು.

ಹಳೆಯದನ್ನು ಮುಟ್ಟುವವರು ಗಮನವಿಟ್ಟು ಕೇಳಬೇಕಾದ ಮಾತೊಂದಿದೆ. ತುಪ್ಪಳ ಬೇಗ ಬಿಗಿಯಲಿ ಅಂತ ಹಿಂದಿನವರು ಅದಕ್ಕೆ ಪಾದರಸದ ನೈಟ್ರೇಟ್ ದ್ರಾವಣ ಸವರುತ್ತಿದ್ದರು. ಅದರ ಹೊಗೆ ಕುಡಿದ ಕೆಲಸಗಾರರಿಗೆ ಕೈ ನಡುಕ ಹತ್ತಿತು, ಬುದ್ಧಿ ಕೆಟ್ಟಿತು. ಅಮೆರಿಕದಲ್ಲಿ ಇದು ನಿಂತದ್ದು 1941ರಲ್ಲಿ. ಆ ಕಾಲದ ಹ್ಯಾಟುಗಳಲ್ಲಿ ಪಾದರಸದ ಅಂಶ ಈಗಲೂ ಉಳಿದಿರಬಹುದು. ಆದ್ದರಿಂದ ಬಹಳ ಹಳೇ ಹ್ಯಾಟನ್ನು ಮುಚ್ಚಿದ ಅಡುಗೆಮನೆಯಲ್ಲಿ ಹಬೆಗೆ ಹಿಡಿಯಬೇಡಿ, ಉಪ್ಪುಕಾಗದದಲ್ಲಿ ಉಜ್ಜಬೇಡಿ. ಧೂಳು ಕೊಡವುವುದಿದ್ದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಕೊಡವಿ, ಕೈ ಸೋಪು ಹಾಕಿ ತೊಳೆಯಿರಿ. ಮಕ್ಕಳಿಗೆ ನಾಟಕದ ವೇಷಕ್ಕೆ ಅಂತ ಕೊಡಲೇಬೇಡಿ.

ಇನ್ನು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುತ್ತದೆ. ಹಿಂದಿನವರು ತೋಟಕ್ಕೆ ಕಂಬಳಿಕೊಪ್ಪೆ, ಗೊರಬು ಹಾಕಿಕೊಂಡು ಹೋಗುತ್ತಿದ್ದದ್ದು ಸುಮ್ಮನೆ ಅಲ್ಲ. ಎಷ್ಟು ಒಳ್ಳೆ ಫೆಲ್ಟಾದರೂ ದಿನವಿಡೀ ಆ ಮಳೆ ತಡೆಯಲು ಹುಟ್ಟಿದ್ದಲ್ಲ. ತುಂತುರು, ಒಂದು ಹದ ಮಳೆ, ಇಬ್ಬನಿ ಇವಿಷ್ಟನ್ನು ತುಪ್ಪಳದ ಹ್ಯಾಟು ಚೆನ್ನಾಗಿ ತಡೆಯುತ್ತದೆ. ನೀರು ಹನಿಯಾಗಿ ಉರುಳಿಹೋಗುತ್ತದೆ, ಒಳಗೆ ಇಳಿಯಲು ಹೊತ್ತು ಬೇಕು. ಹೊಸದನ್ನು ಪರೀಕ್ಷಿಸಲು ಸುತ್ತಂಚಿನ ಅಡಿಭಾಗಕ್ಕೆ ಒಂದೇ ಹನಿ ನೀರು ಹಾಕಿ ನೋಡಬಹುದು. ಕೂಡಲೇ ಹೀರಿಕೊಂಡರೆ ಮಳೆಗೆ ಆಗುವ ಹ್ಯಾಟಲ್ಲ.

ನೆನೆದು ಬಂದ ಹ್ಯಾಟನ್ನು ಬಚ್ಚಲೊಲೆಯ ಹತ್ತಿರ ಇಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಬಹಳ. ಸೀರೆ, ಪಂಚೆ, ಮಕ್ಕಳ ಯೂನಿಫಾರಂ ಎಲ್ಲ ಅಲ್ಲೇ ಒಣಗುವುದರಿಂದ ಇದನ್ನೂ ಇಡುತ್ತಾರೆ. ಬೇಡ. ತೇವ ಇದೆ, ಬಿಸಿಯೂ ಸೇರಿದರೆ ಫೆಲ್ಟ್ ಮತ್ತೆ ಕುಗ್ಗಲು ಶುರುಮಾಡುತ್ತದೆ, ತೊಗಲುಪಟ್ಟಿ ಅದಕ್ಕಿಂತ ಮೊದಲೇ ಮುದುಡುತ್ತದೆ. ನೀರು ಕೊಡವಿ, ಒಳಪಟ್ಟಿಯನ್ನು ಕೆಳಕ್ಕೆ ಮಗುಚಿ, ಆ ಪಟ್ಟಿಯ ಮೇಲೇ ಹ್ಯಾಟನ್ನು ನಿಲ್ಲಿಸಿ ಗಾಳಿಯಾಡುವ ಕಡೆ ಬಿಡಿ. ಮಳೆಗಾಲದಲ್ಲಿ ಎರಡು ದಿನ ಹಿಡಿದರೂ ಹಿಡಿಯಲಿ. ಪೂರ್ತಿ ಒಣಗಿದ ಮೇಲೆ ಮೃದು ಬ್ರಷ್ಷಿನಲ್ಲಿ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸವರಿ, ಫೆಲ್ಟಿನ ರೋಮ ಆ ದಿಕ್ಕಿಗೆ ಮಲಗಿರುತ್ತದೆ. ಕರಿ ಹ್ಯಾಟಿಗೊಂದು, ತಿಳಿ ಬಣ್ಣದ್ದಕ್ಕೊಂದು ಬೇರೆ ಬೇರೆ ಬ್ರಷ್ಷಿರಲಿ.

ಎತ್ತಿಡುವಾಗ ಮೊಳೆಗೆ ನೇತುಹಾಕಬೇಡಿ, ಸುತ್ತಂಚಿನ ಮೇಲೆ ನೆಟ್ಟಗೂ ಇಡಬೇಡಿ. ತಲೆಯ ಅಳತೆಯ ಒಂದು ತಂಬಿಗೆಗೆ ಹತ್ತಿಯ ಟವೆಲ್ ಸುತ್ತಿ, ಅದರ ಮೇಲೆ ಕೂರಿಸಿದರೆ ಆಕಾರ ಕೆಡುವುದಿಲ್ಲ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದರೆ ನಮ್ಮ ಹವೆಯಲ್ಲಿ ಬೂಷ್ಟು ಖಂಡಿತ. ಹತ್ತಿ ಬಟ್ಟೆಯ ಚೀಲ ಸಾಕು. ಜೊತೆಗೆ ಬಜೆಯ ಬೇರಿನ ಎರಡು ತುಂಡು ಹಾಕಿಡಿ, ಶಾಲು ಕಂಬಳಿಗೆ ಇಡುತ್ತೇವಲ್ಲ ಹಾಗೆ. ನುಸಿಗುಳಿಗೆ ಹಾಕುವವರು ಅದು ಫೆಲ್ಟಿಗೆ ತಾಗದಂತೆ ಬಟ್ಟೆಯಲ್ಲಿ ಕಟ್ಟಿಡಿ. ತಿನ್ನುವುದು ಹಾರುವ ನುಸಿಯಲ್ಲ, ಅದರ ಮರಿಹುಳ. ಬೆವರು, ಎಣ್ಣೆ ಹತ್ತಿದ ಜಾಗವೇ ಅದಕ್ಕೆ ಇಷ್ಟ. ಹುಳ ಇದ್ದಿರಬಹುದು ಎಂಬ ಅನುಮಾನವಿದ್ದರೆ ಹ್ಯಾಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಡೀಪ್ ಫ್ರೀಜರಿನಲ್ಲಿಡಿ. ಹೊರಗೆ ತೆಗೆದ ಮೇಲೆ ಚಳಿ ಪೂರ್ತಿ ಬಿಡುವವರೆಗೆ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಫೆಲ್ಟಿನ ಮೇಲೆಲ್ಲ ನೀರು ಕೂರುತ್ತದೆ.

ಅಳತೆ ಕೊನೆಗೆ ಹೇಳಿದರೂ ಮೊದಲು ನೋಡಬೇಕಾದ್ದು ಅದೇ. ಕಿವಿಯ ಮೇಲೆ, ಹಣೆಯ ಮಧ್ಯದಲ್ಲಿ ಟೇಪು ಸುತ್ತಿ ನೋಡಿ. 57 ಸೆಂಟಿಮೀಟರ್ ಬಂದರೆ ಅಮೆರಿಕದ ಲೆಕ್ಕದಲ್ಲಿ ಏಳೂ ಒಂದೆಂಟನೇ (7 1/8), 58 ಬಂದರೆ ಏಳೂಕಾಲು (7 1/4). ಫೋನಿನಲ್ಲಿ ಹಳೆಯದನ್ನು ತರಿಸುವವರು ಮಾರುವವರಿಂದ ಒಳಪಟ್ಟಿ ಮಗುಚಿದ ಫೋಟೋ, ಬೆಳಕಿಗೆ ಹಿಡಿದ ಫೋಟೋ, ಟೇಪಿಟ್ಟು ಅಳೆದ ಫೋಟೋ ಮೂರೂ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಬಿಟ್ಟುಬಿಡಿ. ಸ್ವಲ್ಪ ಸಡಿಲವಾದದ್ದನ್ನು ತೆಗೆದುಕೊಳ್ಳಬಹುದು, ಹಳೇ ಪಂಚೆಯ ಅಂಚಿಲ್ಲದ ಪಟ್ಟಿಯೊಂದನ್ನು ಮಡಚಿ ಒಳಪಟ್ಟಿಯ ಹಿಂದೆ ತೂರಿಸಿದರೆ ಸರಿಹೋಗುತ್ತದೆ. ಬಿಗಿಯಾದದ್ದನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ, ಹಳೇ ತೊಗಲುಪಟ್ಟಿ ಹಿಗ್ಗಿಸಿದ ಕೂಡಲೇ ಹರಿಯುತ್ತದೆ.