ರೇ ಟ್ರೇಸಿಂಗ್ ಬೇಕಾ? ನಾನು ಎರಡು ಕಾರ್ಡ್ ಆರಿಸಿದ ರೀತಿ

ಹೋದ ವರ್ಷ ಕಂಪ್ಯೂಟರಿನಲ್ಲಿ ಗೇಮ್ ಆಡಲು ಮನೆಗೆ ಎರಡು ಗ್ರಾಫಿಕ್ಸ್ ಕಾರ್ಡ್ ತರಬೇಕಾಯಿತು. ಒಂದು ತಮ್ಮನಿಗೆ, ಒಂದು ನನಗೆ. "ಅಣ್ಣಾ, ರೇ ಟ್ರೇಸಿಂಗ್ ಚೆನ್ನಾಗಿಲ್ಲ ಅಂದ್ರೆ ದುಡ್ಡು ವೇಸ್ಟ್ ಅಂತಾರೆ, ಹೌದಾ?" ಎಂದು ಅವನು ಕೇಳಿದ. ನನಗೂ ಗೊತ್ತಿರಲಿಲ್ಲ. ರೇ ಟ್ರೇಸಿಂಗ್ ಅಂದರೆ ಗೇಮಿನಲ್ಲಿ ಬೆಳಕಿನ ಕಿರಣ ಎಲ್ಲೆಲ್ಲಿ ಬಡಿದು ಬರುತ್ತದೆ ಎಂದು ಲೆಕ್ಕಹಾಕಿ ಬಿಂಬ, ನೆರಳು, ಬೆಳಕು ಮೂಡಿಸುವ ವಿಧಾನ. ನನ್ನ ಹಳೆಯ ಕಾರ್ಡ್ ಜಿಟಿಎಕ್ಸ್ 1060ರಲ್ಲಿ ಆ ಸೆಟ್ಟಿಂಗ್ ಮುಟ್ಟಿಯೇ ಇರಲಿಲ್ಲ. ದುಡ್ಡು ಹಾಕುವ ಮೊದಲು ಕಣ್ಣಾರೆ ನೋಡಿಬಿಡೋಣ ಎಂದು ಗೆಳೆಯನ ಮನೆಗೆ ಹೋದೆ. ಅವನ ಹತ್ತಿರ ಆರ್‌ಟಿಎಕ್ಸ್ 4070 ಇತ್ತು, 1440ಪಿ ರೆಸಲ್ಯೂಶನ್ನಿನ ಮಾನಿಟರ್.

ಮೊದಲು ಸೈಬರ್‌ಪಂಕ್ 2077 ಗೇಮ್. ರಾತ್ರಿ, ಮಳೆ ಬಿದ್ದ ರಸ್ತೆ, ನಿಂತ ನೀರಿನಲ್ಲಿ ಅಂಗಡಿಯ ನಿಯಾನ್ ಬೋರ್ಡಿನ ಬಿಂಬ. ರೇ ಟ್ರೇಸಿಂಗ್ ಆಫ್ ಮಾಡಿ, ನೋಟವನ್ನು ಮೆಲ್ಲಗೆ ನೆಲದ ಕಡೆ ತಿರುಗಿಸಿದೆ. ಬೋರ್ಡು ಪರದೆಯ ಮೇಲಂಚು ದಾಟಿತೋ ಇಲ್ಲವೋ, ನೀರಿನಲ್ಲಿದ್ದ ಬಿಂಬವೂ ಅಳಿಸಿಹೋಯಿತು. ಹಳೆಯ ವಿಧಾನದಲ್ಲಿ ಪರದೆಯ ಮೇಲೆ ಆಗಲೇ ಮೂಡಿರುವ ಚಿತ್ರದಿಂದಲೇ ಬಿಂಬ ಮಾಡುತ್ತಾರೆ. ಪರದೆಯಲ್ಲಿ ಇಲ್ಲದ್ದು ನೀರಿನಲ್ಲೂ ಇಲ್ಲ. ಆನ್ ಮಾಡಿ ಅದೇ ಜಾಗದಲ್ಲಿ ನಿಂತು ಮತ್ತೆ ನೆಲ ನೋಡಿದೆ. ಗುಲಾಬಿ ಬಣ್ಣದ ಅಕ್ಷರಗಳು ನೀರಿನಲ್ಲಿ ಹಾಗೇ ಇದ್ದವು. ಹತ್ತು ನಿಮಿಷ ಅದೊಂದನ್ನೇ ನೋಡುತ್ತಾ ನಿಂತಿದ್ದೆ.

ಅದಕ್ಕೆ ಬೆಲೆಯೂ ಇದೆ. ಸೆಕೆಂಡಿಗೆ 75ರ ಆಸುಪಾಸಿನಲ್ಲಿದ್ದ ಫ್ರೇಮ್ (ಪರದೆಯಲ್ಲಿ ಮೂಡುವ ಚಿತ್ರ) 40ಕ್ಕೆ ಇಳಿಯಿತು. ಚಿಕ್ಕದಾಗಿ ಚಿತ್ರ ಮಾಡಿ ಎಐಯಿಂದ ದೊಡ್ಡದು ಮಾಡಿ ಫ್ರೇಮ್ ಹೆಚ್ಚಿಸುವ ಡಿಎಲ್‌ಎಸ್‌ಎಸ್ ಅನ್ನು ಕ್ವಾಲಿಟಿಗೆ ಇಟ್ಟ ಮೇಲೆ ಆಡುವ ಹಾಗಾಯಿತು.

ಆಮೇಲೆ ಶ್ಯಾಡೋ ಆಫ್ ದ ಟೂಂಬ್ ರೈಡರ್ ಹಾಕಿದೆವು. ಅದರಲ್ಲಿ ನೆರಳಿಗೆ ಮಾತ್ರ ರೇ ಟ್ರೇಸಿಂಗ್. ಫ್ರೇಮ್ ಇಳಿಯಿತು, ಆದರೆ ಓಡಾಡುವಾಗ ವ್ಯತ್ಯಾಸವೇ ಗೊತ್ತಾಗಲಿಲ್ಲ. ಆಫ್ ಮಾಡಿದೆ.

ಈಗ ತಮ್ಮನ ವಿಷಯ. ಅವನು ಆಡುವುದು ಕೌಂಟರ್-ಸ್ಟ್ರೈಕ್ 2 ಮತ್ತು ವ್ಯಾಲರಂಟ್. ಎರಡರಲ್ಲೂ ರೇ ಟ್ರೇಸಿಂಗ್ ಇಲ್ಲವೇ ಇಲ್ಲ. ಅವನಿಗೆ ಬೇಕಾದ್ದು 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ಮಾನಿಟರಿಗೆ ಸಾಕಾಗುವಷ್ಟು ಫ್ರೇಮ್, ಅಷ್ಟೇ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 5700 ಎಕ್ಸ್‌ಟಿ ಕಾರ್ಡ್ ಸಿಕ್ಕಿತು. ಇನ್ನೊಂದು ಆಯ್ಕೆಯಾಗಿದ್ದ ಆರ್‌ಎಕ್ಸ್ 6600ಕ್ಕಿಂತ ಕಡಿಮೆ ರೇಟು, ವೇಗವೂ ಸ್ವಲ್ಪ ಜಾಸ್ತಿ. ಅವನು ಆಗಲೇ ಒಪ್ಪಿಬಿಟ್ಟಿದ್ದ, ನಾನೇ ಬೇಡ ಅಂದೆ. 5700 ಎಕ್ಸ್‌ಟಿಯಲ್ಲಿ ರೇ ಟ್ರೇಸಿಂಗ್‌ಗೆ ಬೇಕಾದ ಹಾರ್ಡ್‌ವೇರ್ ಇಲ್ಲ. ಈ ಆರ್‌ಎಕ್ಸ್ ಕಾರ್ಡ್‌ಗಳ ಕಂಪನಿ ಎಎಮ್‌ಡಿ ಅದನ್ನು ತಂದದ್ದು 2020ರ ಕೊನೆಯಲ್ಲಿ, 6000 ಸರಣಿಯಿಂದ. 2024ರಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಂಡ್ ದ ಗ್ರೇಟ್ ಸರ್ಕಲ್, 2025ರ ಡೂಮ್: ದ ಡಾರ್ಕ್ ಏಜಸ್ ಎರಡೂ ಆ ಹಾರ್ಡ್‌ವೇರ್ ಇರಲೇಬೇಕು ಅನ್ನುತ್ತವೆ. ಅಲ್ಲಿ ಆಫ್ ಮಾಡುವ ಆಯ್ಕೆಯೇ ಇಲ್ಲ. 6600 ಈ ಕೆಲಸದಲ್ಲಿ ಬಲಶಾಲಿಯಲ್ಲ, ನಿಜ. ಆದರೂ ನಾಳೆ ಅಂಥ ಗೇಮ್ ಬೇಕು ಅನ್ನಿಸಿದರೆ ಕಡೇಪಕ್ಷ ಶುರುವಾದರೂ ಆಗಬೇಕು, ಅಲ್ವಾ? 6600 ತಂದೆವು. ಅವನ 450 ವ್ಯಾಟ್ ಪವರ್ ಸಪ್ಲೈ ಬದಲಿಸಬೇಕಾಗಲಿಲ್ಲ.

ನನ್ನ ಲೆಕ್ಕವೇ ಬೇರೆ. ನಾನು ಆಡುವುದು ಒಬ್ಬನೇ ಕೂತು, ನಿಧಾನವಾಗಿ, ಊರೆಲ್ಲ ಸುತ್ತುವ ಗೇಮ್‌ಗಳು. ಹಾಗಾಗಿ ನೀರಿನ ಬಿಂಬ, ಕಿಟಕಿಯಿಂದ ಬಂದು ಗೋಡೆಗೆ ಬಡಿದು ಕೋಣೆ ತುಂಬುವ ಬೆಳಕು ನನಗೆ ದುಡ್ಡು ಕೊಡುವಷ್ಟು ಮುಖ್ಯ. 8 ಜಿಬಿಯ ಆರ್‌ಟಿಎಕ್ಸ್ 4060 ಸಾಕು ಅಂತ ಮೊದಲು ಅಂದುಕೊಂಡಿದ್ದೆ. ಆದರೆ ರೇ ಟ್ರೇಸಿಂಗ್ ಆನ್ ಮಾಡಿದರೆ ಕಾರ್ಡಿನ ಮೆಮೊರಿಯೂ ಜಾಸ್ತಿ ಬೇಕು. ಗೇಮಿನ ಲೋಕದ ಆಕಾರವನ್ನೆಲ್ಲ ಇನ್ನೊಂದು ರೂಪದಲ್ಲಿ ಮೆಮೊರಿಯಲ್ಲಿ ಇಟ್ಟುಕೊಂಡರೆ ತಾನೇ ಕಿರಣ ಯಾವುದಕ್ಕೆ ಬಡಿಯಿತು ಅಂತ ಬೇಗ ಹುಡುಕಲು ಆಗುವುದು? ಇಂಡಿಯಾನಾ ಜೋನ್ಸ್‌ನಲ್ಲಿ 8 ಜಿಬಿ ಕಾರ್ಡಿಗೆ ಟೆಕ್ಸ್ಚರ್ ಸೆಟ್ಟಿಂಗ್ ಇಳಿಸಬೇಕಾಗುತ್ತದೆ. ಇಷ್ಟು ತಿಳಿದ ಮೇಲೆ ಮೂರು ತಿಂಗಳು ಕಾದು, ದುಡ್ಡು ಕೂಡಿಸಿ, 12 ಜಿಬಿಯ 4070ಯನ್ನೇ ತಂದೆ.

ಈಗ ಸೈಬರ್‌ಪಂಕ್‌ನಲ್ಲಿ ರಿಫ್ಲೆಕ್ಷನ್ ಆನ್, ಲೈಟಿಂಗ್ ಮೀಡಿಯಂ, ರೇ ಟ್ರೇಸಿಂಗ್ ನೆರಳು ಆಫ್. ಡಿಎಲ್‌ಎಸ್‌ಎಸ್ ಕ್ವಾಲಿಟಿ. ಮಳೆ ಬಂದ ರಾತ್ರಿ ಕಾರು ಬಿಟ್ಟು ನಡೆದೇ ಹೋಗುತ್ತೇನೆ.