ಟೆಂಪೊ ಅವರದು, ನಾಟಕ ನಮ್ಮದು

ಹತ್ತು ಪ್ರದರ್ಶನಕ್ಕೆ ಎರಡೂವರೆ ಲಕ್ಷ. ಮೊದಲ ಕಂತು ಒಂದು ಲಕ್ಷ ಬಂದ ದಿನ ನಮ್ಮ ಬೀದಿ ನಾಟಕ ತಂಡದ ಎಂಟೂ ಜನ ಬಿರಿಯಾನಿ ತಿಂದೆವು. ಮ್ಯಾನ್‌ಹೋಲ್ ಸಾವಿನ ಮೇಲಿನ ನಾಟಕಕ್ಕೆ ಕಂಪನಿಯೊಂದು ದುಡ್ಡು ಕೊಡುತ್ತೆ ಅಂದ್ರೆ ನಂಬೋಕೇ ಆಗಿರಲಿಲ್ಲ. ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ತೆಗೆದಿಡಬೇಕು ಅಂತ 2014ರಿಂದ ನಿಯಮ ಇದೆಯಲ್ಲ, ಆ ದುಡ್ಡು.

ನಾಲ್ಕನೇ ಪ್ರದರ್ಶನಕ್ಕೆ ಅವರ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ. ನೋಡುತ್ತಾ ಕಣ್ಣೊರೆಸಿಕೊಂಡರು. ಮರುದಿನ ಫೋನ್: ‘ಮೇಡಂ, ಆ ಮೂವತ್ತು ಲಕ್ಷದ ಸೀನ್ ಒಂದು ತೆಗೀಬಹುದಾ?’

ಗುಂಡಿಯಲ್ಲಿ ಸತ್ತವರ ಮನೆಯವರಿಗೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು. 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ನಾಟಕದಲ್ಲಿ ಸತ್ತವನ ಹೆಂಡತಿ ಅದನ್ನು ಕೇಳಲು ನಗರಸಭೆಗೆ ಹೋಗುತ್ತಾಳೆ. ‘ನಿನ್ನ ಗಂಡನಿಗೆ ಇಳಿ ಅಂತ ಹೇಳಿದ ಆರ್ಡರ್ ಕಾಪಿ ತಂದಿದ್ದೀಯಾ?’ ಅಂತಾನೆ ಗುಮಾಸ್ತ. ರಕ್ಷಣೆಯಿಲ್ಲದೆ ಇಳಿಸುವುದೇ, ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅಪರಾಧ. ಅದಕ್ಕೆ ಆರ್ಡರ್ ಯಾರು ಬರೀತಾರೆ? ಜನ ಅಲ್ಲಿ ನಗುತ್ತಾರೆ. ತಮಟೆ ನಿಲ್ಲುತ್ತೆ. ನಗುವೂ ನಿಲ್ಲುತ್ತೆ. ಆ ಸೀನ್ ತೆಗೆದರೆ ಉಳಿಯೋದು ‘ಕೈಗವಸು ಹಾಕಿಕೊಳ್ಳಿ’ ಅನ್ನೋ ಜಾಹೀರಾತು.

ಕಂಪನಿಗೆ ನಗರಸಭೆ ಜತೆ ಬೇರೆ ಯಾವುದೋ ಒಪ್ಪಂದ ಇತ್ತಂತೆ.

ಆಗಲ್ಲ ಅಂತ ಹೇಳಿಬಿಡೋಣ ಅಂದೆ. ತಮಟೆ ಬಾರಿಸುವ ನಮ್ಮ ಹುಡುಗ ಮೆಲ್ಲಗೆ ಹೇಳಿದ: ‘ಅಕ್ಕ, ಮಿಕ್ಕಿದ್ದು ಆರು ಶೋ. ಮಗಳ ಫೀಸಿಗೆ ಲೆಕ್ಕ ಹಾಕ್ಕೊಂಡಿದ್ದೆ.’ ನನಗೆ ತಿಂಗಳ ಸಂಬಳ ಇದೆ. ಬೇಡ ಅನ್ನೋದು ನನಗೆ ಸುಲಭ. ಆ ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ ಸೀನ್ ಉಳಿಸಿದೆವು. ಎರಡನೇ ಕಂತು ಬರಲೇ ಇಲ್ಲ. ಫೀಸಿಗೆ ಎಲ್ಲರೂ ಕೈಯಿಂದ ಹಾಕಿದೆವು.

ಮುಂದಿನ ಮೂರು ಶೋಗೆ ಟವೆಲ್ ಹಾಸಿದೆವು. ಬೀದಿ ನಾಟಕಕಾರ ಸಫ್ದರ್ ಹಾಶ್ಮಿಯವರ ತಂಡ ಜನ ನಾಟ್ಯ ಮಂಚ್ ದೆಹಲಿಯಲ್ಲಿ ಮಾಡುತ್ತಿದ್ದದ್ದೂ ಇದೇ, ನಾಟಕ ಮುಗಿದ ಮೇಲೆ ಚಾದರ ಹಿಡಿಯೋದು. ಮೊದಲ ದಿನ 1,140 ರೂಪಾಯಿ ಬಿತ್ತು. ಅದರಲ್ಲಿ ವಾರ್ಡಿನ ಲೀಡರ್ ಹಾಕಿದ 500ರ ನೋಟೂ ಇತ್ತು. ಬೆಳಿಗ್ಗೆ ಅವರೇ ಬಂದರು. ‘ಗುಂಡಿಗೆ ಇಳಿಸೋ ಗುತ್ತಿಗೆದಾರ ನಮ್ಮ ಹುಡುಗ ಕಣಮ್ಮ, ಜಾಸ್ತಿ ಬಯ್ಯಬೇಡಿ.’ ನಗು ಬಂತು.

ಈಗ ಅರ್ಜಿಯಲ್ಲಿ ನಾಟಕಕ್ಕೆ ದುಡ್ಡು ಕೇಳೋದಿಲ್ಲ. ಟೆಂಪೊ ಬಾಡಿಗೆ, ಊಟ, ಕಲಾವಿದರ ದಿನಗೂಲಿ, ತಮಟೆ ರಿಪೇರಿ, ಇಷ್ಟೇ. ಸಹಿಗೆ ಮುಂಚೆ ಇಡೀ ನಾಟಕ ದುಡ್ಡು ಕೊಡುವವರ ಮುಂದೆ ಓದುತ್ತೇವೆ, ಮೂವತ್ತು ಲಕ್ಷದ ಸೀನನ್ನು ಎರಡು ಸಲ. ಇಬ್ಬರು ಟೀ ಕುಡಿದು ಕೈ ಮುಗಿದರು. ಮೂರನೆಯವರು ಒಪ್ಪಿದರು, ಬ್ಯಾನರಿನಲ್ಲಿ ಲೋಗೊ ದೊಡ್ಡದಾಗಿರಬೇಕು ಅಂದರು ಅಷ್ಟೇ. ಅದನ್ನು ಟೆಂಪೊ ಹಿಂದಕ್ಕೆ ಕಟ್ಟಿದೆವು.