ಎರೆಭೂಮಿಯಲ್ಲಿ ಸಸಿ ನೆಡುವವರು ಮೊದಲು ಬೇರು ನೋಡಬೇಕು

ಮಿರಗ (ಮೃಗಶಿರ) ಮಳೆ ಬಿದ್ದು ಎಂಟು ದಿನ ಕಳೆಯುವುದರೊಳಗೆ ವಿಜಯಪುರದ ಸುತ್ತಮುತ್ತಲಿನ ನರ್ಸರಿಗಳಲ್ಲಿ ಗಿರಾಕಿಗಳ ಸಂಖ್ಯೆ ಏರುತ್ತದೆ. ಟಂಟಂ, ಬೈಕು, ಟ್ರ್ಯಾಕ್ಟರ್ ಟ್ರಾಲಿ, ಹೀಗೆ ಸಿಕ್ಕ ವಾಹನದಲ್ಲಿ ಮಾವು, ಚಿಕ್ಕು, ಪೇರಲ, ನಿಂಬೆ ಸಸಿಗಳು ಊರು ಸೇರುತ್ತವೆ. ಮುಂದಿನ ಬೇಸಿಗೆ ದಾಟಿದ ಮೇಲೆ ಅವುಗಳಲ್ಲಿ ಉಳಿದಿರುವುದೆಷ್ಟು ಎಂದು ಎಣಿಸಲು ಹೋದರೆ ಬೇಸರವಾಗುತ್ತದೆ. ಸತ್ತ ಸಸಿಗಾಗಿ ಎಲ್ಲರೂ ದೂರುವುದು ಬಿಸಿಲನ್ನು. ಬಿಸಿಲು ಕಾರಣವಲ್ಲವೆಂದಲ್ಲ, ಆದರೆ ಅನೇಕ ಸಸಿಗಳ ಹಣೆಬರಹ ಅದಕ್ಕೂ ಮೊದಲೇ, ನರ್ಸರಿಯ ಕಪ್ಪು ಚೀಲದೊಳಗೆ, ಬೇರಿನಲ್ಲಿ ಬರೆದಾಗಿರುತ್ತದೆ.

ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು. ಕೆಲವು ವರ್ಷಗಳ ಹಿಂದೆ ರಸ್ತೆ ಬದಿಯ ನರ್ಸರಿಯೊಂದರಲ್ಲಿ ಆಳೆತ್ತರದ ಕೇಸರ್ ಮಾವಿನ ಸಸಿಯೊಂದನ್ನು ಕಂಡೆ. ತುದಿಯಲ್ಲಿ ನಿಂಬೆಯ ಗಾತ್ರದ ಒಂದು ಕಾಯಿ ತೂಗಾಡುತ್ತಿತ್ತು. ಆ ಒಂದು ಕಾಯಿಗೆ ಮರುಳಾಗಿ, ಪಕ್ಕದಲ್ಲಿದ್ದ ಎರಡಡಿ ಎತ್ತರದ ಸಸಿಯ ನಾಲ್ಕು ಪಟ್ಟು ಬೆಲೆ ಕೊಟ್ಟು ತಂದು ನೆಟ್ಟೆ. ಎರಡು ವರ್ಷ ಅದು ಬೆಳೆಯಲೂ ಇಲ್ಲ, ಸಾಯಲೂ ಇಲ್ಲ. ಮೂರನೆಯ ವರ್ಷದ ಮುಂಗಾರು ಗಾಳಿಗೆ ವಾಲಿದಾಗ ಹಿಡಿದು ಎಳೆದರೆ ಮೂಲಂಗಿಯಂತೆ ಕಿತ್ತುಬಂತು. ಬೇರು ಆಗಲೂ ಚೀಲದ ಆಕಾರದಲ್ಲಿಯೇ ಇತ್ತು. ಕೊಡ ಹೊರುವವರು ತಲೆಯ ಮೇಲಿಡುವ ಸಿಂಬಿಯಂತೆ ತನ್ನನ್ನೇ ಸುತ್ತಿಕೊಂಡು, ಅಕ್ಕಪಕ್ಕದ ಮಣ್ಣಿಗೆ ಒಂದು ಎಳೆಯನ್ನೂ ಚಾಚಿರಲಿಲ್ಲ. ಹೆಚ್ಚು ಕಾಲ ಚಿಕ್ಕ ಚೀಲದಲ್ಲಿ ಉಳಿದ ಸಸಿಯ ಬೇರು ಹೀಗೆ ಸುತ್ತಿಕೊಳ್ಳುತ್ತದೆ, ನೆಟ್ಟ ಮೇಲೂ ಆ ರೂಢಿಯನ್ನು ಬಿಡುವುದಿಲ್ಲ.

ಆದ್ದರಿಂದ ಕೊಳ್ಳುವಾಗ ಎಲೆಯ ಹೊಳಪಿಗಿಂತ ಮೊದಲು ಚೀಲದ ತಳವನ್ನು ನೋಡಬೇಕು. ತಳದ ತೂತಿನಿಂದ ಪೆನ್ಸಿಲ್ ದಪ್ಪದ ಬೇರು ಹೊರಬಂದು ನೆಲಕ್ಕೆ ಇಳಿದಿದ್ದರೆ, ಅಥವಾ ನರ್ಸರಿಯವರು ಸಸಿಯನ್ನು ಎತ್ತುವಾಗ ‘ಟಪ್’ ಎಂದು ಬೇರು ಹರಿದ ಸದ್ದು ಬಂದರೆ, ಆ ಸಸಿಯನ್ನು ಅಲ್ಲಿಯೇ ಬಿಡುವುದು ಲೇಸು. ಹತ್ತಕ್ಕಿಂತ ಹೆಚ್ಚು ಸಸಿ ಕೊಳ್ಳುವುದಿದ್ದರೆ ಒಂದರ ಚೀಲವನ್ನು ಸೀಳಿ ತೋರಿಸಲು ಕೇಳಬೇಕು, ಬೇಕಿದ್ದರೆ ಆ ಒಂದರ ಬೆಲೆಯನ್ನು ಕೊಟ್ಟರಾಯಿತು. ತೋರಿಸಲು ಒಪ್ಪದವರ ಬಳಿ ಕೊಳ್ಳದಿರುವುದೇ ನನ್ನ ನಿಯಮ. ಒಳ್ಳೆಯ ಸಸಿಯ ಬೇರು ಬೆಳ್ಳಗೆ ಅಥವಾ ತಿಳಿಗಂದು ಬಣ್ಣದಲ್ಲಿದ್ದು, ಮಣ್ಣಿನ ಹೆಂಟೆಯನ್ನು ಜಾಳಿಗೆಯಂತೆ ಹಿಡಿದಿರುತ್ತದೆ. ಕಪ್ಪಾಗಿ ಮೆತ್ತಗಾದ ಬೇರು ಕೊಳೆತದ್ದು. ಸಾಸಿವೆ, ಕಡಲೆ ಗಾತ್ರದ ಗಂಟುಗಳಿದ್ದರೆ ಅದು ಜಂತುಹುಳುವಿನ ಬಾಧೆ, ಅಂಥ ಸಸಿಯ ಜೊತೆಗೆ ರೋಗವನ್ನೂ ಹೊಲಕ್ಕೆ ತಂದಂತಾಗುತ್ತದೆ.

ಎತ್ತರದ ವಿಷಯದಲ್ಲಿ ನಮ್ಮ ಜನ ಮೋಸ ಹೋಗುವುದು ಹೆಚ್ಚು. ಎರಡರಿಂದ ಎರಡೂವರೆ ಅಡಿ ಎತ್ತರದ, ಬುಡ ಹೆಬ್ಬೆರಳಿಗಿಂತ ಸ್ವಲ್ಪ ತೆಳ್ಳಗಿರುವ, ಒಂದು ವರ್ಷದ ಆಸುಪಾಸಿನ ಕಸಿ ಸಸಿ ಎರಡು ಮೂರು ವರ್ಷಗಳಲ್ಲಿ ಆಳೆತ್ತರದ ಸಸಿಯನ್ನು ಹಿಂದೆ ಹಾಕುತ್ತದೆ. ದೊಡ್ಡ ಸಸಿಗೆ ಎಲೆ ಹೆಚ್ಚು, ಬೇರು ಕಡಿಮೆ. ನಮ್ಮ ಸೀಮೆಯ ಒಣ ಗಾಳಿಯಲ್ಲಿ ಎಲೆಗಳು ಬಿಡುವಷ್ಟು ನೀರನ್ನು ಆ ಬೇರು ಪೂರೈಸಲಾರದು.

ಯಾವ ಸಸಿಯನ್ನು ಯಾವ ವಿಧಾನದಿಂದ ಬೆಳೆಸಿದ್ದಾರೆ ಎಂಬುದನ್ನೂ ಕೇಳಿ ತಿಳಿಯಬೇಕು. ಮಾವು ಬೀಜದಿಂದ ಬೆಳೆದರೆ ತಾಯಿಮರದ ಗುಣ ಬರುವ ಭರವಸೆಯಿಲ್ಲದ ಕಾರಣ ಕಸಿಯೇ ಬೇಕು. ಚಿಕ್ಕುವನ್ನು ಅದರದೇ ಬಳಗದ ಖಿರ್ಣಿ ಮರದ ಬೇರುಸಸಿಯ (ಕಸಿಗೆ ಬೇರು ಒದಗಿಸುವ ಕೆಳಗಿನ ಸಸಿ) ಮೇಲೆ ಕಟ್ಟಿದ್ದರೆ ಉತ್ತಮ. ದಾಳಿಂಬೆ ಗೂಟಿಯಿಂದ (ಗಿಡದಲ್ಲಿರುವಾಗಲೇ ಟೊಂಗೆಗೆ ಬೇರು ಬರಿಸುವುದು) ಅಥವಾ ಕಡ್ಡಿಯಿಂದ ಬರುತ್ತದೆ. ಕಾಗಜಿ ನಿಂಬೆಯ ಕಥೆಯೇ ಬೇರೆ: ಅದರ ಒಂದು ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಮೊಳಕೆಗಳು ಬರುತ್ತವೆ, ಅವುಗಳಲ್ಲಿ ಹೆಚ್ಚಿನವು ತಾಯಿಗಿಡದ ಅಂಗಾಂಶದಿಂದಲೇ ಹುಟ್ಟಿರುವುದರಿಂದ ಬೀಜದ ಸಸಿಯೂ ತಾಯಿಯಂತೆಯೇ ಫಲ ಕೊಡುತ್ತದೆ. 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಂಡಿ ಲಿಂಬೆಯ ಸೀಮೆಯಲ್ಲಿ ಬೀಜದ ಸಸಿ ಹಾಕಿದವರನ್ನು ನೋಡಿ ನಗುವ ಕಾರಣವಿಲ್ಲ.

ದಾಳಿಂಬೆಯ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿರಬೇಕು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ರೈತರು ದುಂಡಾಣು ಅಂಗಮಾರಿಯಿಂದ ಫಲ ಕೊಡುತ್ತಿದ್ದ ತೋಟಗಳನ್ನೇ ಕಿತ್ತು ಹಾಕಿದ್ದಾರೆ. ಈ ರೋಗ ದೂರದ ಊರಿಗೆ ಹರಡುವುದು ಮುಖ್ಯವಾಗಿ ಸಸಿಯ ಮೂಲಕ. ಎಲೆಯನ್ನು ಬೆಳಕಿಗೆ ಹಿಡಿದಾಗ ಎಣ್ಣೆ ಬಿದ್ದಂತೆ ಚಿಕ್ಕ ಚಿಕ್ಕ ಚುಕ್ಕೆಗಳು ಕಂಡರೆ ಆ ಸಸಿಯನ್ನಷ್ಟೇ ಅಲ್ಲ, ಆ ಮಡಿಯ ಎಲ್ಲ ಸಸಿಗಳನ್ನೂ ಬಿಟ್ಟು ಬರಬೇಕು. ತೋಟಗಾರಿಕೆ ಇಲಾಖೆಯ ಕ್ಷೇತ್ರಗಳು, 2008ರಲ್ಲಿ ಆರಂಭವಾದ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ, ರಾಷ್ಟ್ರೀಯ ತೋಟಗಾರಿಕೆ ಮಂಡಳಿಯ ಮಾನ್ಯತೆ ಪಡೆದ ಖಾಸಗಿ ನರ್ಸರಿಗಳು, ಇವುಗಳಲ್ಲಿ ವಿಚಾರಿಸಿ ಮೊದಲೇ ಹೆಸರು ಬರೆಸುವುದು ಒಳ್ಳೆಯದು. ಎಲ್ಲಿ ಕೊಂಡರೂ ತಳಿಯ ಹೆಸರನ್ನು ನಮೂದಿಸಿದ ರಸೀದಿ ಪಡೆಯಬೇಕು. ಬೇವು, ಹುಣಸೆ, ಹೊಂಗೆಯಂತಹ ಮರಗಳು ಬೇಕಿದ್ದರೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ರಿಯಾಯಿತಿ ದರದಲ್ಲಿ ಸಿಗುತ್ತವೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ನೋಂದಾಯಿಸಿದವರಿಗೆ ಬದುಕುಳಿದ ಸಸಿಗಳ ಲೆಕ್ಕದಲ್ಲಿ ಮೂರು ವರ್ಷ ಪ್ರೋತ್ಸಾಹಧನವೂ ಉಂಟು.

ಸಸಿಯನ್ನು ತರುವಾಗ ಕಾಂಡ ಹಿಡಿದು ಎತ್ತಬಾರದು, ಚೀಲದ ತಳಕ್ಕೆ ಕೈ ಕೊಡಬೇಕು. ತೆರೆದ ವಾಹನದಲ್ಲಿ ಮೂವತ್ತು ನಲವತ್ತು ಕಿಲೋಮೀಟರ್ ಗಾಳಿಗೆ ಒಡ್ಡಿದ ಸಸಿ ಊರು ಮುಟ್ಟುವಷ್ಟರಲ್ಲಿ ಅರ್ಧ ಬಾಡಿರುತ್ತದೆ, ಮೇಲೆ ಹಸಿ ಗೋಣಿತಟ್ಟು ಹೊದಿಸಿದರೆ ಸಾಕು. ತಂದ ದಿನವೇ ನೆಡದೆ ಎಂಟು ಹತ್ತು ದಿನ ಹೊಲದ ಗಿಡದ ಅರೆನೆರಳಿನಲ್ಲಿಟ್ಟು ನಮ್ಮ ಗಾಳಿ, ಬಿಸಿಲಿಗೆ ಒಗ್ಗಿಸಬೇಕು.

ಇನ್ನು ಮಣ್ಣು. ‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಎಂದು ಡೋಣಿ ನದಿಯ ಬಯಲನ್ನು ಹೊಗಳುವ ಗಾದೆಯ ಸೀಮೆ ನಮ್ಮದು. ಆದರೆ ಜೋಳ, ಕಡಲೆಗೆ ಹೊನ್ನಿನಂತಹ ಈ ಕಪ್ಪು ಎರೆಯೇ ಗಿಡಮರಗಳಿಗೆ ತೊಡಕಿನ ಮಣ್ಣು. ಮಳೆಗಾಲದಲ್ಲಿ ಉಬ್ಬಿ ನೀರು ಬಸಿಯಗೊಡದೆ ಬೇರನ್ನು ಉಸಿರುಗಟ್ಟಿಸುತ್ತದೆ, ಬೇಸಿಗೆಯಲ್ಲಿ ಮೊಣಕೈ ಇಳಿಯುವಷ್ಟು ಬಿರುಕು ಬಿಟ್ಟು ಎಳೆಯ ಬೇರನ್ನು ಹರಿಯುತ್ತದೆ. ಮಸಾರಿ (ಕೆಂಪು ಮಣ್ಣು) ಅಥವಾ ಗರಸು ಮಿಶ್ರಿತ ಮರಡಿ ನೆಲವಿದ್ದವರು ಪುಣ್ಯವಂತರು. ಮಾವು, ಚಿಕ್ಕು, ದಾಳಿಂಬೆಗೆ ಅದೇ ಮೇಲು. ಆಳವಾದ ಎರೆಯೊಂದೇ ಇದ್ದವರು ಖಾನಾಪುರದ ಕೆಂಪು ಮಣ್ಣಿನವರಿಗೆ ಹೇಳಿದ ವಿಧಾನವನ್ನು ಹಾಗೆಯೇ ಅನುಸರಿಸಿದರೆ ಕೆಡುತ್ತಾರೆ.

ಗುಂಡಿಯನ್ನು ಏಪ್ರಿಲ್–ಮೇ ತಿಂಗಳಲ್ಲಿಯೇ ಎರಡರಿಂದ ಮೂರು ಅಡಿ ಉದ್ದ, ಅಗಲ, ಆಳಕ್ಕೆ ತೋಡಿ, ಬಿಸಿಲಿಗೆ ಬಿಟ್ಟು, ಮಳೆಗೆ ಮುಂಚೆ ತುಂಬಿಡಬೇಕು. ದುಂಡಗಿನ ಗುಂಡಿಗಿಂತ ಚೌಕದ್ದು ಒಳ್ಳೆಯದು, ಏಕೆಂದರೆ ಮೂಲೆಗೆ ತಾಗಿದ ಬೇರು ಸುತ್ತು ಹೊಡೆಯದೆ ಮಣ್ಣಿಗೆ ನುಗ್ಗುತ್ತದೆ. ಹಸಿ ಎರೆಯಲ್ಲಿ ಯಂತ್ರದಿಂದ ತೋಡಿದ ಗುಂಡಿಯ ಗೋಡೆ ಗಡಿಗೆಯ ಒಳಮೈಯಂತೆ ನುಣುಪಾಗುತ್ತದೆ, ಅದನ್ನು ಗುದ್ದಲಿಯಿಂದ ಗೀರಿ ಒರಟು ಮಾಡಲೇಬೇಕು. ಗುಂಡಿಗೆ ಬರೀ ಉಸುಕು ತುಂಬುವ ರೂಢಿಯೊಂದಿದೆ. ಇದು ತಪ್ಪು. ಸುತ್ತಲಿನ ಜಿಗುಟು ಮಣ್ಣಿನ ನಡುವೆ ಆ ಗುಂಡಿ ನೀರು ನಿಲ್ಲುವ ಹೊಂಡವಾಗುತ್ತದೆ. ತೋಡಿದ ಮೇಲ್ಮಣ್ಣಿಗೇ ಎರಡು ಬುಟ್ಟಿ ಪೂರ್ತಿ ಕಳಿತ ತಿಪ್ಪೆಗೊಬ್ಬರ, ಒಂದೆರಡು ಕಿಲೋ ಬೇವಿನ ಹಿಂಡಿ ಬೆರೆಸಿ ತುಂಬಿ, ನೆಲಮಟ್ಟಕ್ಕಿಂತ ಒಂದು ಅಡಿ ಎತ್ತರದ ಅಗಲವಾದ ದಿಬ್ಬ ಮಾಡಿ ಅದರ ಮೇಲೆ ನೆಡುವುದು ಎರೆಗೆ ಸರಿಯಾದ ಕ್ರಮ. ಹಸಿ ಸಗಣಿ ಹಾಕಿದರೆ ಗೆದ್ದಲು, ಗೊಣ್ಣೆಹುಳುಗಳಿಗೆ ಔತಣ ಕೊಟ್ಟಂತೆ.

ಅಂತರದಲ್ಲಿ ಜಿಪುಣತನ ಬೇಡ. ನಿಂಬೆಗೆ ಗಿಡದಿಂದ ಗಿಡಕ್ಕೆ 6 ಮೀಟರ್ ಬಿಟ್ಟರೆ ಎಕರೆಗೆ ಸುಮಾರು 110 ಗಿಡ ಹಿಡಿಯುತ್ತವೆ, ದಾಳಿಂಬೆಗೆ 4.5 × 3 ಮೀಟರ್, ಹಳೆಯ ಪದ್ಧತಿಯ ಮಾವು ಮತ್ತು ಹುಣಸೆಗೆ 10 ಮೀಟರ್ ಬೇಕು.

ನೆಡುವ ಹೊತ್ತು ಮಿರಗದಿಂದ ಆರಿದ್ರದವರೆಗೆ, ಅಂದರೆ ಜೂನ್ ಎರಡನೆಯ ವಾರದಿಂದ ಜುಲೈ ಮೊದಲ ವಾರದವರೆಗೆ. ನಮ್ಮಲ್ಲಿ ಹೆಚ್ಚಿನ ಮಳೆ ಸೆಪ್ಟೆಂಬರಿನಲ್ಲಿ ಬರುವುದರಿಂದ ಹುಬ್ಬಿ, ಉತ್ತರಿ ಮಳೆಗೆ ಕಾಯುವವರೂ ಇದ್ದಾರೆ. ಆದರೆ ಬೇಸಿಗೆ ಬರುವುದರೊಳಗೆ ಬೇರು ಎಷ್ಟು ದೂರ ಹೋಗಿದೆ ಎಂಬುದರ ಮೇಲೆ ಸಸಿಯ ಉಳಿವು ನಿಂತಿರುವುದರಿಂದ, ನಡುವೆ ಮಳೆ ಕೈಕೊಟ್ಟಾಗ ಎರಡು ಮೂರು ಬಾರಿ ನೀರು ಹೊರಲು ಸಿದ್ಧರಿದ್ದರೆ ಜೂನ್‌ನಲ್ಲಿ ನೆಡುವುದೇ ಲಾಭ.

ನೆಡುವ ಹಿಂದಿನ ಸಂಜೆ ಚೀಲಕ್ಕೆ ನೀರು ಕೊಟ್ಟರೆ ಮರುದಿನ ಹೆಂಟೆ ಒಡೆಯುವುದಿಲ್ಲ. ಮೋಡವಿರುವ ದಿನ ಅಥವಾ ಸಂಜೆ ನಾಲ್ಕರ ಮೇಲೆ ಕೆಲಸ ಹಚ್ಚಬೇಕು. ಚೀಲವನ್ನು ಬ್ಲೇಡಿನಿಂದ ಎರಡು ಬದಿ ಸೀಳಿ ಪೂರ್ತಿ ತೆಗೆಯಬೇಕು. ಕೂಲಿಯವರು ಅವಸರದಲ್ಲಿ ತಳವನ್ನಷ್ಟೇ ಕತ್ತರಿಸಿ ನೆಟ್ಟುಬಿಡುವುದುಂಟು, ಆದ್ದರಿಂದ ಸಂಜೆ ಖಾಲಿ ಚೀಲಗಳನ್ನು ಎಣಿಸಿ ಸಸಿಗಳ ಲೆಕ್ಕಕ್ಕೆ ತಾಳೆ ನೋಡುತ್ತೇನೆ. ಹೆಂಟೆಯ ತಳದಲ್ಲಿ ಸುತ್ತಿದ ಬೇರನ್ನು ಅರ್ಧ ಇಂಚು ಕತ್ತರಿಸಿ, ಬದಿಗಳಲ್ಲಿ ಮೇಲಿಂದ ಕೆಳಗೆ ಮೂರು ನಾಲ್ಕು ತೆಳು ಗೀರು ಹಾಕಿದರೆ ಹೊಸ ಬೇರು ಹೊರಮುಖವಾಗಿ ಹೊರಡುತ್ತದೆ. ಚೀಲದಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೇ ಹೂಳಬೇಕು. ಕಸಿಯ ಗಂಟು ಮಣ್ಣಿನಿಂದ ಕನಿಷ್ಠ ಒಂದು ಗೇಣು ಮೇಲಿರಲಿ. ಗಂಟಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಉಳಿದಿದ್ದರೆ ಬಿಚ್ಚಬೇಕು, ಇಲ್ಲವಾದರೆ ಕಾಂಡ ದಪ್ಪವಾದಂತೆ ಅದು ಉರುಳಿನಂತೆ ಬಿಗಿಯುತ್ತದೆ. ನೆಟ್ಟ ಕೂಡಲೇ, ಮಳೆ ಬರುತ್ತಿದ್ದರೂ ಸರಿಯೇ, ಹತ್ತು ಲೀಟರ್ ನೀರನ್ನು ನಿಧಾನವಾಗಿ ಹೊಯ್ದರೆ ಮಣ್ಣಿನ ಪೊಳ್ಳು ಮುಚ್ಚುತ್ತದೆ. ಆಸರೆಯ ಕೋಲನ್ನು ಹೆಂಟೆಗೆ ಚುಚ್ಚದೆ ಗಾಳಿ ಬೀಸುವ ಪಶ್ಚಿಮ ದಿಕ್ಕಿಗೆ ನೆಟ್ಟು, ಹಳೆಯ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಬೇಕು. ಸಸಿ ತುಸು ಅಲುಗಾಡಲಿ, ಅಲುಗಾಡಿದರೇ ಕಾಂಡ ಗಟ್ಟಿಯಾಗುತ್ತದೆ.

ನೆಟ್ಟ ದಿನವೇ ಸಸಿಯ ಪಶ್ಚಿಮಕ್ಕೆ ಎರಡಡಿ ದೂರದಲ್ಲಿ ಅರ್ಧಚಂದ್ರಾಕಾರವಾಗಿ ಹತ್ತು ಹನ್ನೆರಡು ತೊಗರಿ ಕಾಳು ಊರುವುದು ನಾನು ಬಿಡದೆ ಮಾಡುವ ಕೆಲಸ. ಡಿಸೆಂಬರ್–ಜನವರಿಯಲ್ಲಿ ಕಾಯಿ ಬಿಡಿಸಿಕೊಂಡು ಗಿಡವನ್ನು ಕಡಿಯದೆ ಹಾಗೆಯೇ ನಿಲ್ಲಿಸಿದರೆ, ಒಣಗಿದ ತೊಗರಿ ಕಟ್ಟಿಗೆಯೇ ಬೇಸಿಗೆಯ ಮಧ್ಯಾಹ್ನದ ಬಿಸಿಲಿಗೆ ತಟ್ಟಿಯಾಗುತ್ತದೆ. ಎಲೆ ವಿರಳವಾಗಿದ್ದ ಕಡೆ ಒಂದೆರಡು ಜೋಳದ ಕಣಿಕೆ ಹೆಣೆದರೆ ಮುಗಿಯಿತು. ಬುಡದ ಸುತ್ತ ಕಬ್ಬಿನ ರವದಿಯನ್ನು (ಒಣಗಿದ ಗರಿ) ನಾಲ್ಕು ಇಂಚು ದಪ್ಪ ಹಾಸಬೇಕು, ಕಾಂಡಕ್ಕೆ ಮಾತ್ರ ನಾಲ್ಕು ಬೆರಳು ಬಿಟ್ಟು. ಆಡುಗಳಿಗೆ ಜಾಲಿಮುಳ್ಳಿಗಿಂತ ಅಗ್ಗದ ಬೇಲಿಯಿಲ್ಲ.

ನೀರಿನ ವಿಷಯದಲ್ಲಿ ಕೊರತೆಯಿಂದ ಸತ್ತ ಸಸಿಗಳಷ್ಟೇ ಅತಿಯಿಂದ ಸತ್ತವನ್ನೂ ಕಂಡಿದ್ದೇನೆ. ಎರೆಯ ಮೇಲ್ಪದರ ಒಣಗಿ ಬಿರಿದಿದ್ದರೂ ಒಂದು ಗೇಣು ಕೆಳಗೆ ಹಸಿ ಇರುತ್ತದೆ. ಕಡ್ಡಿಯೊಂದನ್ನು ಚುಚ್ಚಿ ಹೊರತೆಗೆದಾಗ ಮಣ್ಣು ಅಂಟಿ ಬಂದರೆ ಅಂದು ನೀರು ಬೇಡ. ದಿನವೂ ಒಂದು ಚೊಂಬು ಹಾಕುವುದಕ್ಕಿಂತ ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ ಹದಿನೈದು ಲೀಟರ್ ಕೊಟ್ಟರೆ ಬೇರು ಆಳಕ್ಕೆ ಇಳಿಯುತ್ತದೆ. ಕೊಳವೆಬಾವಿಯಿಲ್ಲದವರು ಕುಂಬಾರರಿಂದ ಐದಾರು ಲೀಟರಿನ, ಬಣ್ಣ ಹಚ್ಚದ ಗಡಿಗೆಗಳನ್ನು ತಂದು, ಸಸಿಯಿಂದ ಒಂದೂವರೆ ಅಡಿ ದೂರದಲ್ಲಿ ಎರಡು ಬದಿ ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೆ ಮುಚ್ಚಳ ಇಡಬಹುದು. ಅದು ಒಸರಿದಷ್ಟೇ ನೀರು ಬೇರಿಗೆ ಸಿಗುತ್ತದೆ. ನಿಂಬೆಗೆ ನೀರು ಕಾಂಡವನ್ನು ಮುಟ್ಟಬಾರದು, ಮುಟ್ಟಿದರೆ ತೊಗಟೆ ಕೊಳೆತು ಅಂಟು ಸೋರುತ್ತದೆ.

ಎಳೆಯ ಎಲೆಗಳು ನರ ಮಾತ್ರ ಹಸಿರಾಗಿದ್ದು ಉಳಿದಂತೆ ಹಳದಿಯಾದರೆ ನೀರು ಸಾಲದೆಂದು ತಿಳಿಯಬಾರದು. ಸುಣ್ಣದಂಶವಿರುವ ನಮ್ಮ ಮಣ್ಣಿನಲ್ಲಿ ಕಬ್ಬಿಣ ಬೇರಿಗೆ ಎಟುಕದೆ ಹೀಗಾಗುತ್ತದೆ, ನೀರು ಹೆಚ್ಚಿಸಿದರೆ ಇನ್ನಷ್ಟು ಕೆಡುತ್ತದೆ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿದರೆ ಎರಡು ವಾರದಲ್ಲಿ ಹಸಿರು ಮರಳುತ್ತದೆ. ನಿಂಬೆಯ ಚಿಗುರಿನ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಂತೆ ಕಾಣುವುದನ್ನು ಕಡ್ಡಿಯಿಂದ ಮುಟ್ಟಿ ನೋಡಬೇಕು. ಕೆಂಪು ಕೊಂಬೆರಡನ್ನು ಚಾಚಿ ಘಾಟು ವಾಸನೆ ಬಿಟ್ಟರೆ ಅದು ನಿಂಬೆ ಚಿಟ್ಟೆಯ ಹುಳು. ಹತ್ತು ಇಪ್ಪತ್ತು ಗಿಡಗಳಿಗೆ ಔಷಧ ಬೇಡ, ಬೆಳಿಗ್ಗೆ ಕೈಯಿಂದ ಆರಿಸಿದರೆ ಸಾಕು.

ಮೊದಲ ವರ್ಷ ಕತ್ತರಿಗೆ ಇರುವ ಕೆಲಸ ಒಂದೇ: ಕಸಿ ಗಂಟಿನ ಕೆಳಗೆ ಒಡೆದ ಚಿಗುರನ್ನು ಕಂಡಲ್ಲಿ ಚಿವುಟುವುದು. ಬಿಟ್ಟರೆ ಕಾಡು ಬೇರುಸಸಿಯೇ ಮೇಲುಗೈ ಪಡೆದು ಕೇಸರ್ ಕಾಣೆಯಾಗುತ್ತದೆ. ಎರಡನೆಯ ಬೇಸಿಗೆಯಲ್ಲಿ ನೀರನ್ನು ನಿಲ್ಲಿಸಬಾರದು, ಆದರೆ ಅಂತರವನ್ನು ವಾರಕ್ಕೆ, ಹತ್ತು ದಿನಕ್ಕೆ ಹಿಗ್ಗಿಸಬಹುದು. ಹನಿ ನೀರಾವರಿಯಿದ್ದವರು ಡ್ರಿಪ್ಪರುಗಳನ್ನು ಕೊಂಬೆಯ ನೆರಳು ಬೀಳುವ ಅಂಚಿಗೆ ಸರಿಸಬೇಕು. ಆಸರೆಯ ಕೋಲನ್ನು ಅಷ್ಟರೊಳಗೆ ಕಿತ್ತಿರಬೇಕು. ಮಾವಿನ ಕಸಿ ಮೊದಲ ಎರಡು ಮೂರು ವರ್ಷ ಮಾಘ ಮಾಸದಲ್ಲಿ ಹೂ ತೋರಿಸುತ್ತಲೇ ಇರುತ್ತದೆ, ಅದನ್ನು ಪೂರ್ತಿ ಚಿವುಟಿ ಹಾಕಬೇಕು. ಮನೆಯಲ್ಲಿ ಮಕ್ಕಳಿದ್ದರೆ ಈ ಕೆಲಸವನ್ನು ಅವರು ಶಾಲೆಗೆ ಹೋದ ಮೇಲೆ ಮಾಡುವುದು ಸುಲಭ.